ಬೆನ್ನು ಮಾತ್ರ ಬರೆಯುತ್ತಿದ್ದ ಭೋಜ

ಉಡುಪಿಯ ಬನ್ನಂಜೆಯಲ್ಲಿದ್ದ ಭೋಜನ ಫ್ರೇಮ್ ಅಂಗಡಿ ಎಷ್ಟು ಸಣ್ಣದೆಂದರೆ, ಗಿರಾಕಿ ಒಳಗೆ ಬರಬೇಕಾದರೆ ಭೋಜ ಹೊರಗೆ ಹೋಗಬೇಕಿತ್ತು. ಗಿರಾಕಿ ತುಸು ದಪ್ಪಗಿದ್ದರೆ ಭೋಜನ ಜೊತೆಗೆ ಗಾಜು, ಹಲಗೆ, ಗೋಂದಿನ ಡಬ್ಬಿ ಎಲ್ಲವೂ ರಸ್ತೆಗೆ ಬರುತ್ತಿದ್ದವು. ಪಕ್ಕದಲ್ಲೇ ಲಿಯೋನೆಲನ ಫೋಟೋ ಸ್ಟುಡಿಯೋ. ಬದುಕಿರುವಾಗ ಲಿಯೋನೆಲನ ಬಾಗಿಲು, ಸತ್ತ ಮೇಲೆ ಭೋಜನ ಬಾಗಿಲು ಎಂಬುದು ಊರಿನ ವಾಡಿಕೆಯಾಗಿತ್ತು.

"ನನ್ನ ಬಾಗಿಲಿನಿಂದ ಭೋಜಣ್ಣನ ಬಾಗಿಲಿಗೆ ಒಂದು ಹಾರು ಹಾರಿದರೆ ಆಯಿತು," ಎಂದು ಲಿಯೋನೆಲ್ ಬಂದವರಿಗೆಲ್ಲ ಹೇಳುತ್ತಿದ್ದ. "ಆದರೆ ಕೆಲವರು ಎಂತ ಉದಾಸೀನ ಮಾಡ್ತಾರೆ ಅಂತೀರಿ, ಎಂಬತ್ತು ವರ್ಷ ತೆಗೆದುಕೊಳ್ತಾರೆ."

ಭೋಜ ನಗುತ್ತಿರಲಿಲ್ಲ. ಅವನ ಕಸುಬಿಗೆ ನಗದೆ ಇರುವುದೇ ಒಳ್ಳೆಯದು. ಕಣ್ಣೀರು ಆರದ ಮನೆಯವರು ಸತ್ತವರ ಫೋಟೋ ಹಿಡಿದು ಬಂದಾಗ, ಎದುರಿಗೆ ಇರುವವನ ಮುಖ ತಮಗಿಂತಲೂ ಬಾಡಿದ್ದು ಕಂಡು ಅವರಿಗೇ ಸಮಾಧಾನವಾಗುತ್ತಿತ್ತು. ಒಮ್ಮೆ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಅವನ ಮುಖ ನೋಡಿ, "ನೀವು ಧೈರ್ಯ ತಂದುಕೊಳ್ಳಬೇಕು," ಎಂದು ಅವನಿಗೇ ಹೇಳಿ ಹೋಗಿದ್ದಳಂತೆ.

ಕೆಲಸ ಅಂಗಡಿಯಲ್ಲಿಯೇ ಮುಗಿಯುತ್ತಿರಲಿಲ್ಲ. ಸತ್ತವರ ಪಟಕ್ಕೆ ಮನೆಯ ಗಂಡುಮಕ್ಕಳು ಮೊಳೆ ಹೊಡೆಯಬಾರದು ಎಂಬ ನಂಬಿಕೆಯೊಂದು ಅವನ ಗಿರಾಕಿಗಳಲ್ಲಿ ಬೇರೂರಿತ್ತು. ಆ ನಂಬಿಕೆಯನ್ನು ಹುಟ್ಟುಹಾಕಿದ್ದು ಅದೇ ಕಸುಬಿನಲ್ಲಿದ್ದ ಭೋಜನ ಅಪ್ಪನೇ ಇರಬೇಕು ಎಂದು ಲಿಯೋನೆಲನ ಗುಮಾನಿ. ಅಂತೂ ಪಟವನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಸುತ್ತಿಗೆ ಬೈರಿಗೆಗಳ ಚೀಲ ಹೆಗಲಿಗೆ ಹಾಕಿ, ಭೋಜ ಬಸ್ಸಿನಲ್ಲಿ ಮನೆಮನೆಗೆ ಹೋಗಬೇಕಾಗುತ್ತಿತ್ತು. ಕೆಂಪಗಿನ ಮೆದು ಮುರಕಲ್ಲಿನ ಗೋಡೆಗೆ ನೇರವಾಗಿ ಮೊಳೆ ಹೊಡೆದರೆ ಗೋಡೆ ಅವಲಕ್ಕಿಯ ಹಾಗೆ ಉದುರುತ್ತದೆ. ಮೊದಲು ಬೈರಿಗೆಯಿಂದ ತೂತು ಕೊರೆದು, ಅದಕ್ಕೆ ಮರದ ಗೂಟ ಬಡಿದು, ಆ ಗೂಟಕ್ಕೆ ಮೊಳೆ ಹೊಡೆಯಬೇಕು. ಉಡುಪಿಯಿಂದ ಕಾರ್ಕಳದವರೆಗೆ ಅವನು ಹೊಡೆದ ಮೊಳೆಗಳನ್ನು ಒಟ್ಟು ಮಾಡಿದರೆ ಕಾಪುವಿನ ಲೈಟ್‌ಹೌಸನ್ನೇ ಗೋಡೆಗೆ ನೇತುಹಾಕಬಹುದಿತ್ತು. ಅವನು ಚೀಲ ಹಿಡಿದು ಓಣಿಯಲ್ಲಿ ಬರುವುದು ಕಂಡರೆ ಜಗಲಿಯಲ್ಲಿ ಕೂತ ಮುದುಕರು ಕೆಮ್ಮನ್ನು ಅರ್ಧಕ್ಕೇ ನುಂಗಿ, ಬಹಳ ಗಟ್ಟಿಮುಟ್ಟಾದವರಂತೆ ಎದ್ದು ನಿಲ್ಲುತ್ತಿದ್ದರು.

ಹೀಗೆ ಜಿಲ್ಲೆಗೆಲ್ಲ ಮೊಳೆ ಹೊಡೆದವನ ಕಾಪುವಿನ ಸ್ವಂತ ಮನೆಯ ಗೋಡೆಯಲ್ಲಿ ಒಂದೇ ಒಂದು ಮೊಳೆ ಇರಲಿಲ್ಲ. ಕ್ಯಾಲೆಂಡರು ಕೂಡ ಅಕ್ಕಿ ಡಬ್ಬಿಯ ಮೇಲೆ ಮಲಗಿಕೊಂಡೇ ವರ್ಷ ಕಳೆಯುತ್ತಿತ್ತು. ಆ ಗೋಡೆಯ ಮೇಲೆ ಮೊದಲು ಬರಬೇಕಾದ ಪಟ ಒಂದಿತ್ತು. ಅದು ಬರದೆ ಬೇರೆ ಯಾವುದೂ ಬರಬಾರದು ಎಂದು ಭೋಜನ ಹೆಂಡತಿ ಕುಶಲಾ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಭೋಜನೂ ಕೇಳಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು, ಅಷ್ಟೇ.

ಅವರಿಗೆ ಸುಗಂಧಿ ಎಂಬ ಮಗಳಿದ್ದಳು. ಕುಶಲಾ ಅವಳನ್ನು ಹೊರಗೆ ಕರೆದುಕೊಂಡು ಹೋಗುವುದಿದ್ದರೆ ಮೊದಲು ಕಾಡಿಗೆಯಲ್ಲಿ ದೃಷ್ಟಿಬೊಟ್ಟು ಇಡಬೇಕಿತ್ತು. ಬೊಟ್ಟು ಸ್ವಲ್ಪ ಮಾಸಿದರೆ ಹೊರಟವಳು ಅರ್ಧ ದಾರಿಯಿಂದ ಹಿಂತಿರುಗುತ್ತಿದ್ದಳು. ಫೋಟೋದ ಮಾತನ್ನಂತೂ ಎತ್ತುವ ಹಾಗಿಲ್ಲ. "ಸಣ್ಣ ಮಕ್ಕಳ ಫೋಟೋ ತೆಗೆದರೆ ಆಯಸ್ಸು ಕಡಿಮೆ. ಮೂರು ತುಂಬಲಿ, ಮತ್ತೆ ನೋಡುವ," ಎನ್ನುತ್ತಿದ್ದಳು. ಪಕ್ಕದ ಬಾಗಿಲಿನಲ್ಲೇ ಸ್ಟುಡಿಯೋ ಇಟ್ಟುಕೊಂಡ ಲಿಯೋನೆಲ್, "ಭೋಜಣ್ಣ, ಮಗುವನ್ನು ಒಮ್ಮೆ ಕರೆದುಕೊಂಡು ಬನ್ನಿ, ದುಡ್ಡು ಗಿಡ್ಡು ಬೇಡ," ಎಂದು ಕರೆದು ಕರೆದು ಸೋತ. ಮೂರು ತುಂಬಲಿಲ್ಲ. ಎಪ್ಪತ್ತೊಂದನೇ ಇಸವಿಯ ಆಟಿ ತಿಂಗಳ ಮಳೆಯಲ್ಲಿ ಜ್ವರ ಬಂತು. ಜ್ವರ ಹೋಗುವಾಗ ಒಂದೇ ಹೋಗಲಿಲ್ಲ.

ಊರಿನ ಸತ್ತವರ ಮುಖಗಳೆಲ್ಲ ಭೋಜನ ಅಂಗಡಿಯಲ್ಲಿದ್ದವು. ಸ್ವಂತ ಮಗುವಿನದ್ದು ಮಾತ್ರ ಇರಲಿಲ್ಲ.

ಆದರೆ ಭೋಜ ಚಿತ್ರ ಬರೆಯಬಲ್ಲವನಾಗಿದ್ದ. ಶಾಲೆಯಲ್ಲಿ ಲೆಕ್ಕದ ಮಾಸ್ತರರನ್ನು ಸ್ಲೇಟಿನಲ್ಲಿ ಎಷ್ಟು ಹೋಲುವಂತೆ ಬರೆದಿದ್ದನೆಂದರೆ, ಹುಡುಗರು ಆ ಸ್ಲೇಟಿಗೂ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದರು. ಹಾಗಾಗಿ ಮಗಳ ಮುಖವನ್ನು ನೆನಪಿನಿಂದ ಬರೆದು, ಅದಕ್ಕೆ ಒಳ್ಳೆಯ ಸಾಗುವಾನಿಯ ಫ್ರೇಮ್ ಹಾಕಿ ಗೋಡೆಗೆ ಏರಿಸುವುದೆಂದು ನಿಶ್ಚಯಿಸಿದ. ಕಾಗದ ಎದುರಿಗೆ ಇಟ್ಟುಕೊಂಡ. ಮುಖ ಬರಲಿಲ್ಲ.

ಅದಕ್ಕೂ ಕಾರಣವಿತ್ತು. ದಿನಾ ಸಂಜೆ ಬಸ್ಸಿಳಿದು ಮನೆಗೆ ಬಂದ ಕೂಡಲೇ ಸುಗಂಧಿಯನ್ನು ಸೈಕಲಿನ ಮುಂದಿನ ಕಂಬಿಯ ಮೇಲೆ ಕೂರಿಸಿ ಲೈಟ್‌ಹೌಸಿನವರೆಗೆ ಒಂದು ಸವಾರಿ. ಅವಳು ಸಮುದ್ರ ನೋಡುತ್ತಿದ್ದಳು, ಭೋಜ ಅವಳ ಬೆನ್ನು ನೋಡುತ್ತಿದ್ದ. ನೆತ್ತಿಯ ಮೇಲಿನ ಎರಡು ಸುಳಿ, ಓರೆಯಾಗಿ ಕಟ್ಟಿದ ರಿಬ್ಬನ್ನು, ಗುಂಡಿ ಹೋಗಿ ಪಿನ್ನು ಹಾಕಿದ ಅಂಗಿ, ಕುತ್ತಿಗೆಯ ಮೇಲಿನ ಬೆವರುಸಾಲೆ, ಇವೆಲ್ಲ ಕಣ್ಣು ಮುಚ್ಚಿದರೂ ಬಂದು ನಿಲ್ಲುತ್ತಿದ್ದವು. ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂದು ನೆರೆಯ ಹೆಂಗಸರು ತಮಾಷೆ ಮಾಡುತ್ತಿದ್ದರು. ಅದೂ ನೆನಪಿತ್ತು. ಬೆಳಿಗ್ಗೆ ಅವನು ಹೊರಡುವಾಗ ಮಗು ನಿದ್ದೆಯಲ್ಲಿ, ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ಮತ್ತೆ ನಿದ್ದೆಯಲ್ಲಿ. ಉಳಿದದ್ದು ಸೈಕಲಿನ ಬೆನ್ನು.

ಒಮ್ಮೆ ಧೈರ್ಯ ಮಾಡಿ ಕುಶಲಾಳ ಹತ್ತಿರ ಕೇಳಿದ: "ಮೂಗು ಯಾರ ಹಾಗೆ ಇತ್ತು?"

ಅವಳು ಅಕ್ಕಿ ಆರಿಸುತ್ತಿದ್ದಳು. "ನಿಮಗೆ ಗೊತ್ತಿಲ್ವಾ?" ಎಂದಳು. ಅಷ್ಟೇ. ಆಮೇಲೆ ಆ ಅಕ್ಕಿಯಲ್ಲಿ ಒಂದು ಕಲ್ಲನ್ನೂ ಬಿಡಲಿಲ್ಲ. ಆ ದಿನ ಅವಳು ಆರಿಸಿದ್ದು ಎಷ್ಟು ನಯವಾಗಿತ್ತೆಂದರೆ, ಅನ್ನ ಬಾಯಿಗಿಟ್ಟರೆ ಜಗಿಯಲು ಏನೂ ಸಿಗುತ್ತಿರಲಿಲ್ಲ. ಭೋಜನಿಗೆ ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ಆದ್ದರಿಂದ ಅವನು ತನಗೆ ಗೊತ್ತಿದ್ದದ್ದನ್ನೇ ಬರೆಯತೊಡಗಿದ. ಫೋಟೋದ ಸುತ್ತ ಹಾಕುವ ದಪ್ಪ ರಟ್ಟಿನ ನಡುವೆ, ಸತ್ತವರ ಮುಖ ಕಾಣಲೆಂದು, ಅಂಗೈಯಗಲದ ಒಂದು ತುಂಡು ಕತ್ತರಿಸಿ ತೆಗೆಯಬೇಕಾಗುತ್ತದೆ. ಆ ತುಂಡುಗಳು ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅವುಗಳ ಮೇಲೆ ಶಾಯಿಯಲ್ಲಿ ಸಣ್ಣ ಸಣ್ಣ ಚಿತ್ರ. ಕೆಂಪು ಬಣ್ಣ ಬೇಕಾದಲ್ಲಿ, ಗೋಡೆ ಕೊರೆಯುವಾಗ ಉದುರುವ ಮುರಕಲ್ಲಿನ ಹುಡಿಯನ್ನು ಜರಡಿ ಹಿಡಿದು ಗೋಂದಿನಲ್ಲಿ ಕಲಸಿ ಬಳಿಯುತ್ತಿದ್ದ. ಹೀಗೆ ಯಾರದೋ ಮುಖದ ಜಾಗದಿಂದ ಬಂದ ರಟ್ಟು, ಇನ್ಯಾರದೋ ಗೋಡೆಯಿಂದ ಬಂದ ಬಣ್ಣ. ಚಿತ್ರದಲ್ಲಿ ಒಬ್ಬಳು ಪುಟ್ಟ ಹುಡುಗಿ, ಎಲ್ಲದರಲ್ಲಿಯೂ ನಮಗೆ ಬೆನ್ನು ಹಾಕಿ, ಏನನ್ನೋ ನೋಡುತ್ತಾ ಇರುತ್ತಿದ್ದಳು. ಒಂದರಲ್ಲಿ ಸಮುದ್ರ, ಒಂದರಲ್ಲಿ ಬುಟ್ಟಿಯಡಿಯ ಹೇಂಟೆ, ಒಂದರಲ್ಲಿ ತಿರುವಿನಲ್ಲಿ ಮರೆಯಾಗುವ ಬಸ್ಸು.

ಅವುಗಳನ್ನು ಮಾರಬೇಕೆಂದು ಅವನಿಗೆ ಇರಲಿಲ್ಲ. ಗಾಜಿನ ಮೇಲೆ ಒಣಗಲು ಇಟ್ಟಿದ್ದನ್ನು ಗಿರಾಕಿಯೊಬ್ಬರು ಎತ್ತಿಕೊಂಡರು, ಇನ್ನೊಬ್ಬರು ಕೇಳಿದರು, ಮತ್ತೊಬ್ಬರು ಮಗಳಿಗೆ ಬೇಕೆಂದರು. ಕಡೆಗೆ ಅದೂ ಒಂದು ವ್ಯಾಪಾರವಾಯಿತು. ಭೋಜನಿಗೆ ಅದರಲ್ಲಿ ಒಂದೇ ಆಸೆ. ಪಟ ಹಾಕಲು ಆ ಮನೆಗಳಿಗೆ ಹೋದಾಗ, ತನ್ನ ಹುಡುಗಿಯನ್ನು ಅವರು ಎಲ್ಲಿ ಇಟ್ಟಿದ್ದಾರೆ ಎಂದು ನೋಡುವುದು. ತನ್ನ ಮನೆಯಲ್ಲಿ ಅವಳಿಗೆ ಸಿಗದ ಗೋಡೆ ಬೇರೆಯವರಲ್ಲಿ ಸಿಕ್ಕಿತೋ ಇಲ್ಲವೋ ಎಂದು ಕಣ್ಣು ಹಾಯಿಸುವುದು.

ಜನರು ಎಲ್ಲೆಲ್ಲಿ ಇಟ್ಟಿದ್ದರೆಂದು ಹೇಳಿದರೆ ನಂಬಲಿಕ್ಕಿಲ್ಲ. ಕೆಮ್ಮಣ್ಣಿನ ಒಂದು ಮನೆಯಲ್ಲಿ ಅವಳು ಮಜ್ಜಿಗೆಯ ಪಾತ್ರೆಗೆ ಮುಚ್ಚಳವಾಗಿದ್ದಳು. ಉಡುಪಿಯ ವಕೀಲರೊಬ್ಬರಲ್ಲಿ ಕುಂಟು ಮೇಜಿನ ಕಾಲಿನಡಿ ಸಿಕ್ಕಿಕೊಂಡು, ವಕೀಲರ ಇಡೀ ಕಾನೂನನ್ನು ಹೊತ್ತುಕೊಂಡಿದ್ದಳು. ಮಗ ದುಬಾಯಿಯಲ್ಲಿದ್ದ ಮನೆಯಲ್ಲಿ ಅವಳಿಗೆ ಗಾಜಿನ ಶೋಕೇಸು, ಪಕ್ಕದಲ್ಲಿ ಕೀಲಿ ಕೊಟ್ಟರೆ ಕುಣಿಯುವ ಗೊಂಬೆ. ಭೋಜ ಚಿತ್ರವನ್ನು ಸುತ್ತಿ ಕೊಟ್ಟ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಇಟ್ಟಿದ್ದರು, ಧೂಳು ಕೂರಬಾರದಲ್ಲ. ಹುಡುಗಿ ಒಳಗೆ ಉಸಿರುಗಟ್ಟಿ ಬೆವರಿದ ಹಾಗೆ ಭೋಜನಿಗೆ ಕಂಡಿತು.

ಮಣಿಪಾಲದಲ್ಲಿ ಉತ್ತರದ ಕಡೆಯ ಪ್ರೊಫೆಸರರೊಬ್ಬರ ಹೆಂಡತಿ ಒಟ್ಟಿಗೆ ನಾಲ್ಕು ಚಿತ್ರ ಕೊಂಡಿದ್ದರು. ಅವರ ತಾಯಿಯ ಪಟಕ್ಕೆ ಮೊಳೆ ಹೊಡೆದು ಕೈ ತೊಳೆಯಲು ಹೋದ ಭೋಜ, ಬಚ್ಚಲಿನ ಬಾಗಿಲು ತೆರೆದವನು ಅಲ್ಲೇ ನಿಂತ. ನಾಲ್ಕೂ ಚಿತ್ರಗಳು ಕಕ್ಕಸಿನ ಎದುರು ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದವು. ಪುಣ್ಯಕ್ಕೆ ಅವಳು ಬೆನ್ನು ಹಾಕಿದ್ದಳು.

"ಅಲ್ಲಿ ಯಾಕೆ ಅಮ್ಮ?" ಎಂದು ತಡೆಯಲಾರದೆ ಕೇಳಿದ.

"ಮನೆಯಲ್ಲಿ ನಾನು ಒಬ್ಬಳೇ ಕೂತುಕೊಳ್ಳುವುದು ಅಲ್ಲಿ ಮಾತ್ರ," ಎಂದರು ಆಕೆ, ತಮ್ಮ ಹೊಸ ಕನ್ನಡದಲ್ಲಿ ಒಂದೊಂದೇ ಅಕ್ಷರ ಜೋಡಿಸುತ್ತ. "ಅವಳು ಸಮುದ್ರ ನೋಡುತ್ತಾಳೆ, ನಾನು ಅವಳನ್ನು ನೋಡುತ್ತೇನೆ."

ವಾರವಿಡೀ ಭೋಜನಿಗೆ ಊಟ ಸೇರಲಿಲ್ಲ. ಕೊನೆಗೆ, ಇಡೀ ಜಿಲ್ಲೆಯಲ್ಲಿ ತನ್ನ ಮಗಳನ್ನು ಯಾರಾದರೂ ಪುರುಸೊತ್ತಿನಿಂದ ನೋಡುವ ಜಾಗವೆಂದರೆ ಅದೊಂದೇ ಎಂದು ಒಪ್ಪಿಕೊಳ್ಳಬೇಕಾಯಿತು.

ಉಚ್ಚಿಲದ ಬೂಬ ಮೀನಿನ ಲಾರಿಯವನು. ಕಾಬಾದ ಪಟಕ್ಕೆ ಫ್ರೇಮ್ ಹಾಕಿಸಲು ಬಂದವನು ಒಂದು ಚಿತ್ರವನ್ನೂ ಒಯ್ದಿದ್ದ. ಮುಂದೊಂದು ದಿನ ಕಾಪುವಿಗೆ ಹೋಗುವ ಬಸ್ಸು ಕೈಕೊಟ್ಟಾಗ ಬೂಬ ಭೋಜನನ್ನು ಲಾರಿಗೆ ಹತ್ತಿಸಿಕೊಂಡ. ಸ್ಟಿಯರಿಂಗಿನ ಮುಂದೆ, ಗಾಜಿಗೆ ಒರಗಿಸಿ, ಹುಡುಗಿ ಕೂತಿದ್ದಳು. ಅವಳ ಬೆನ್ನು ಬೂಬನ ಕಡೆ, ಎದುರಿಗೆ ರಸ್ತೆ.

"ಇವಳು ಮುಂದೆ ಕೂತರೆ ನಂಗೆ ತೂಕಡಿಕೆ ಬರೂದಿಲ್ಲ ಭೋಜಣ್ಣ," ಎಂದ ಬೂಬ. "ಬ್ರೇಕ್ ಹಾಕುವಾಗ ಕೈ ತನ್ನಿಂದ ತಾನೇ ಮುಂದೆ ಹೋಗ್ತದೆ, ಬೀಳ್ತಾಳೋ ಅಂತ."

ಭೋಜ ಕಿಟಕಿಯ ಕಡೆ ಮುಖ ತಿರುಗಿಸಿದ. ಸೈಕಲಿನ ಬ್ರೇಕ್ ಹಾಕುವಾಗ ಅವನ ಎಡಗೈಯೂ ಹಾಗೆಯೇ ಮುಂದೆ ಹೋಗುತ್ತಿತ್ತು. ಲಾರಿಯ ಮೀನಿನ ನಾತದಿಂದ ಕಣ್ಣು ಉರಿಯುತ್ತದೆ ಎಂದು ಬೂಬನಿಗೆ ಹೇಳಿದ.

ಲಿಯೋನೆಲನೂ ಸುಮ್ಮನಿರಲಿಲ್ಲ. ಒಂದು ದಿನ ಹಳೆಯ ನೆಗೆಟಿವ್‌ಗಳ ಪೆಟ್ಟಿಗೆ ತಡಕಾಡಿ, ಕುಶಲಾಳ ತಮ್ಮನ ಮದುವೆಯ ಒಂದು ಗುಂಪು ಫೋಟೋವನ್ನು ದೊಡ್ಡದು ಮಾಡಿ ತಂದ.

"ನೋಡಿ ಭೋಜಣ್ಣ, ಈ ಫೋಟೋದಲ್ಲಿ ಮಗು ಉಂಟು."

ಭೋಜ ಬೆಳಕಿಗೆ ಹಿಡಿದು ನೋಡಿದ. ಕುಶಲಾ ನಿಂತಿದ್ದಾಳೆ. ಫ್ಲ್ಯಾಶ್ ಹೊಡೆಯುವ ಹೊತ್ತಿಗೆ ಸರಿಯಾಗಿ ಮಗುವಿನ ಮೇಲೆ ಸೆರಗು ಎಳೆದಿದ್ದಾಳೆ. ಸೆರಗಿನಲ್ಲಿ ಒಂದು ಉಬ್ಬು, ಕೆಳಗೆ ಗೆಜ್ಜೆ ಹಾಕಿದ ಒಂದೇ ಒಂದು ಪುಟ್ಟ ಕಾಲು. ಪಕ್ಕದಲ್ಲಿ ಭೋಜ. ಅವನೂ ಆ ಉಬ್ಬನ್ನೇ ನೋಡಲು ಬಗ್ಗಿದ್ದರಿಂದ ಕ್ಯಾಮೆರಾಕ್ಕೆ ಅವನ ತಲೆಯ ಹಿಂಭಾಗ ಮಾತ್ರ ಸಿಕ್ಕಿತ್ತು. ಅದೊಂದನ್ನು ಬಿಟ್ಟರೆ ಭೋಜ ಯಾವ ಫೋಟೋದಲ್ಲಿಯೂ ಇರಲಿಲ್ಲ. ಪಕ್ಕದ ಬಾಗಿಲಿನಲ್ಲೇ ಸ್ಟುಡಿಯೋ ಇದ್ದವನಿಗೆ ನಾಳೆ ತೆಗೆಸಿದರಾಯಿತು ಎಂಬ ಧೈರ್ಯ.

"ಪೊರ್ಬುಗಳೇ, ಇದರಲ್ಲಿ ಕಾಲು ಮಾತ್ರ ಉಂಟು," ಎಂದ ಭೋಜ, ಊರಿನವರು ಕ್ರೈಸ್ತರನ್ನು ಕರೆಯುವ ವಾಡಿಕೆಯಂತೆ.

"ಕಾಲು ಇದ್ದ ಮೇಲೆ ಉಳಿದದ್ದು ದೊಡ್ಡ ಸಂಗತಿಯಾ? ಅದೇ ಪ್ರಾಯದ ಬೇರೆ ಮಗುವಿನ ಮುಖ ಜೋಡಿಸಿ ಕೊಡ್ತೇನೆ. ಮೊನ್ನೆ ಒಬ್ಬರ ಅಜ್ಜನಿಗೆ ಕೋಟು, ಕಾಲರು, ಅರ್ಧ ಮೀಸೆ ಎಲ್ಲ ನಾನೇ ಹಾಕಿದ್ದು. ಮನೆಯವರು ನೋಡಿ ಅತ್ತುಬಿಟ್ಟರು."

"ಬೇಡ," ಎಂದ ಭೋಜ. "ಯಾರದೋ ಮಗು ಬಂದು ನಮ್ಮ ಗೋಡೆಯಲ್ಲಿ ಯಾಕೆ ಕೂರಬೇಕು?" ಲಿಯೋನೆಲ್ ಜಾಣ. ಅದರ ಮೇಲೆ ಒಂದು ತಮಾಷೆಯನ್ನೂ ಮಾಡದೆ ಹೋದ.

ಎಂಬತ್ತನೇ ಇಸವಿಯಲ್ಲಿ ಕಾರ್ಕಳದಿಂದ ನಳಿನಾಕ್ಷಿಯಮ್ಮ ಎಂಬ ಮುದುಕಿ, ಸೊಸೆ ಸುಭಾಷಿಣಿಯ ಕೈ ಹಿಡಿದುಕೊಂಡು, ತೀರಿಹೋದ ಗಂಡನ ಫೋಟೋ ತಂದರು. ಸೊಸೆ ಫ್ರೇಮಿನ ಪಟ್ಟಿ ಆರಿಸುತ್ತಿದ್ದಂತೆ ಮುದುಕಿ ಗಾಜಿನ ಮೇಲೆ ಕೈಯಾಡಿಸಿ ಒಂದು ಚಿತ್ರ ಎತ್ತಿಕೊಂಡರು. ಕಣ್ಣಿಗೆ ಅಂಟುವಷ್ಟು ಹತ್ತಿರ ಹಿಡಿದು, "ಇವಳು ಯಾರ ಮಗು?" ಎಂದರು.

"ಹಾಗೆ ಯಾರದ್ದೂ ಅಲ್ಲಮ್ಮ, ಚಿತ್ರ," ಎಂದ ಭೋಜ. ಅಂಗಡಿಯಲ್ಲಿ ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದದ್ದು.

ವರ್ಷಾಂತದ ಶ್ರಾದ್ಧಕ್ಕೆ ಮುಂಚೆ ಪಟ ಗೋಡೆಗೇರಬೇಕೆಂದು ಮಾತಾಗಿತ್ತು. ಭೋಜ ಪಟವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾರ್ಕಳದ ಬಸ್ಸಿನಲ್ಲಿ ಹೋದ. ಆ ರಸ್ತೆಯ ಹೊಂಡಗಳು ಎಂಥವೆಂದರೆ ಪಟದೊಳಗಿನ ಯಜಮಾನರು ಇನ್ನೊಮ್ಮೆ ಸತ್ತಿರಬಹುದು. ಚಾವಡಿಯಲ್ಲಿ ತೂತು ಕೊರೆದು, ಗೂಟ ಬಡಿದು, ಯಜಮಾನರನ್ನು ಮೇಲೇರಿಸಿ, ಹುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು, ಎಂದಿನಂತೆ ಕಣ್ಣು ಹಾಯಿಸಿದ. ಮುದುಕಿಯ ಮಂಚದ ತಲೆಕಡೆ, ಕಿಟಕಿಯ ದಂಡೆಯ ಮೇಲೆ, ಅವನ ರಟ್ಟಿನ ತುಂಡು ಇತ್ತು. ಆದರೆ ಹಿಂದುಮುಂದಾಗಿತ್ತು. ಚಿತ್ರ ಹೊರಗೆ, ಬೋಳು ಬೆನ್ನು ಒಳಗೆ.

ಭೋಜ ಹೋಗಿ ಅದನ್ನು ತಿರುಗಿಸಿ ಇಟ್ಟ.

"ಮುಟ್ಟಬೇಡ ಮಾರಾಯ," ಎಂದರು ಮಂಚದ ಮೇಲಿನಿಂದ ನಳಿನಾಕ್ಷಿಯಮ್ಮ. "ಎಷ್ಟು ಕಷ್ಟದಲ್ಲಿ ಒಲಿಸಿಕೊಂಡು ಈಚೆ ತಿರುಗಿಸಿದ್ದೇನೆ. ಪುನಃ ಬೆನ್ನು ಹಾಕಿಸ್ತಿಯಾ?"

"ಚಿತ್ರ ಆಚೆ ಬದಿಯಲ್ಲಿ ಉಂಟಮ್ಮ. ಈಚೆ ಏನೂ ಇಲ್ಲ."

"ಹೇಗೆ ಇಲ್ಲದೆ ಇರ್ತದೆ? ಆಚೆ ಬದಿಯಲ್ಲಿ ಬೆನ್ನಿದ್ದರೆ ಈಚೆ ಬದಿಯಲ್ಲಿ ಮುಖ ಇರಬೇಕಲ್ವಾ? ನೀನೇ ಬರೆದದ್ದಂತೆ, ನಿನಗೆ ಅಷ್ಟೂ ಗೊತ್ತಿಲ್ವಾ?"

ಸೊಸೆ ಸುಭಾಷಿಣಿ ಒಳಗಿನಿಂದ ಕಾಫಿ ತಂದವಳು, "ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ನೀವು ಬೇಸರ ಮಾಡ್ಬೇಡಿ," ಎಂದಳು ಮೆಲ್ಲಗೆ.

"ಪೊರೆ ಕಣ್ಣಿಗೆ, ಕಿವಿಗಲ್ಲ," ಎಂದರು ಮುದುಕಿ. "ಭೋಜ, ನಿನ್ನ ಮುಖವೂ ನನಗೆ ಹೀಗೆಯೇ ಕಾಣುವುದು, ಬಿಳಿ ಹಾಳೆಯ ಹಾಗೆ. ಇವಳದ್ದೂ ಹಾಗೇ. ಕುಂಕುಮ ಕಂಡರೆ ಸೊಸೆ, ಕಾಣದಿದ್ದರೆ ಮಗ. ಮುಖ ಕಾಣುವುದಿಲ್ಲ ಅಂತ ಇವರೆಲ್ಲ ಇಲ್ಲ ಅಂತ ಹೇಳ್ಲಿಕ್ಕಾಗ್ತದಾ?"

ಭೋಜ ರಟ್ಟನ್ನು ಮತ್ತೆ ಅವರಿಗೆ ಬೇಕಾದ ಹಾಗೆ ತಿರುಗಿಸಿದ. ಆಗ ಕಂಡಿತು. ಬೋಳು ರಟ್ಟಿನ ಮೇಲೆ, ಕೆನ್ನೆ ಇರಬಹುದಾದ ಜಾಗದಲ್ಲಿ, ಒಂದು ಕಪ್ಪು ಚುಕ್ಕೆ.

"ಅದು ಎಂತ?"

"ದೃಷ್ಟಿಬೊಟ್ಟು. ಸಣ್ಣ ಮಗು, ಕಿಟಕಿಯ ಹತ್ತಿರ ಕೂತಿದೆ, ದಾರಿಯಲ್ಲಿ ಹೋಗುವವರ ಕಣ್ಣು ಒಂದೇ ತರ ಇರ್ತದಾ?"

ಕಾಫಿ ಆರಿ ಹೋಯಿತು. ಭೋಜ ಅದನ್ನು ಔಷಧಿಯ ಹಾಗೆ ಒಂದೇ ಗುಟುಕಿಗೆ ಕುಡಿದು, ಚೀಲ ಎತ್ತಿಕೊಂಡು ಹೊರಟ. ಬಸ್ಸು ಹತ್ತಿದ ಮೇಲೆ ಸುತ್ತಿಗೆ ಅಲ್ಲಿಯೇ ಬಿಟ್ಟದ್ದು ನೆನಪಾಯಿತು. ಕಸುಬಿಗೆ ಇಳಿದ ಮೇಲೆ ಅವನು ಸುತ್ತಿಗೆ ಮರೆತದ್ದು ಅದೇ ಮೊದಲು, ಅದೇ ಕೊನೆ.

ಮರುದಿನ ಭಾನುವಾರ. ಕುಶಲಾ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಭೋಜ ನೆರೆಮನೆಯ ಸುತ್ತಿಗೆ ತಂದು ತನ್ನ ಮನೆಯ ಗೋಡೆಗೆ ಮೊದಲ ಮೊಳೆ ಹೊಡೆದ. ವರ್ಷಗಳಿಂದ ಎತ್ತಿಟ್ಟಿದ್ದ ಸಾಗುವಾನಿ ಪಟ್ಟಿಯ ಫ್ರೇಮಿನೊಳಗೆ, ಹುಡುಗಿ ಸಮುದ್ರ ನೋಡುವ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿ, ಬೋಳು ಬದಿಯನ್ನು ಗಾಜಿನ ಕಡೆ ಇಟ್ಟು ಕೂರಿಸಿದ್ದ. ಮನೆಯಲ್ಲಿ ಕಾಡಿಗೆ ಇರಲಿಲ್ಲ. ಆ ಆಟಿಯ ನಂತರ ಕುಶಲಾ ಕಾಡಿಗೆ ಕಟ್ಟುವುದನ್ನು ಬಿಟ್ಟಿದ್ದಳು. ಭೋಜ ಒಲೆಯ ಮಸಿ ತಂದು, ಗಾಜಿನ ಮೇಲೆ, ಎಡಗೆನ್ನೆಯ ಅಂದಾಜಿಗೆ, ಒಂದು ಬೊಟ್ಟು ಇಟ್ಟ.

ಕುಶಲಾ ಒದ್ದೆ ಸೀರೆ ಹಿಂಡುತ್ತಲೇ ಒಳಗೆ ಬಂದವಳು ನಿಂತಳು.

"ಇದು ಎಂತ?"

"ಸುಗಂಧಿ," ಎಂದ ಭೋಜ. ಒಂಬತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಆ ಹೆಸರು ಕೇಳಿಸಿದ್ದು ಮೊದಲ ಸಲ. "ಆಚೆ ಬದಿಯಲ್ಲಿ ಬೆನ್ನು ಉಂಟು. ಹಾಗಾದರೆ ಈಚೆ..." ಕಾರ್ಕಳದ ಮುದುಕಿಯ ಬಾಯಿಯಲ್ಲಿ ಅಷ್ಟು ಸರಳವಾಗಿದ್ದದ್ದು ಅವನ ಬಾಯಿಯಲ್ಲಿ ಹುಚ್ಚರ ಮಾತಿನಂತೆ ಕೇಳಿತು.

"ಖಾಲಿ ರಟ್ಟು," ಎಂದಳು ಕುಶಲಾ. ಒಳಗೆ ಹೋಗಿ ಪಾತ್ರೆ ತೊಳೆಯಲು ಕೂತಳು. ಅವತ್ತು ಆ ಪಾತ್ರೆಗಳ ಸದ್ದು ಉಚ್ಚಿಲದವರೆಗೆ ಕೇಳಿಸಿರಬೇಕು.

ಭೋಜ ಪಟವನ್ನು ತೆಗೆಯಲಿಲ್ಲ. ತೆಗೆಯಲು ಅವನಿಗೆ ಗೊತ್ತೇ ಇರಲಿಲ್ಲ ಎನ್ನಬೇಕು. ಜೀವಮಾನವಿಡೀ ಏರಿಸಿದ್ದೇ ಹೊರತು ಇಳಿಸಿ ಅಭ್ಯಾಸವಿಲ್ಲ.

ಮೂರ್ನಾಲ್ಕು ದಿನ ಹಾಗೆಯೇ ಹೋಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಾಜು ಸ್ವಚ್ಛ. ಮಸಿಯ ಬೊಟ್ಟನ್ನು ತಿಕ್ಕಿ ಒರೆಸಲಾಗಿತ್ತು. ಆಯಿತು, ಇದೂ ಮುಗಿಯಿತು ಎಂದುಕೊಂಡು ಭೋಜ ಹಲ್ಲುಜ್ಜಲು ಹೊರಟ. ಆಗ ಅಡುಗೆಮನೆಯಿಂದ ಹರಳೆಣ್ಣೆ ಸುಟ್ಟ ವಾಸನೆ ಬಂತು. ದೀಪದ ಮೇಲೆ ಕವುಚಿಟ್ಟಿದ್ದ ತಾಮ್ರದ ತಟ್ಟೆಯನ್ನು ಕುಶಲಾ ಎತ್ತಿ, ಅಂಟಿದ್ದ ಕಪ್ಪನ್ನು ಬೆರಳಲ್ಲಿ ಬಳಿದುಕೊಂಡು ಬಂದಳು. ಭೋಜ ಅಲ್ಲಿ ನಿಂತಿರುವುದು ಅವಳ ಕಣ್ಣಿಗೆ ಬಿದ್ದ ಹಾಗೆ ಕಾಣಲಿಲ್ಲ.

ಎಡಗೈಯ ತೋರುಬೆರಳನ್ನು ಫ್ರೇಮಿನ ಕೆಳಪಟ್ಟಿಯ ಅಡಿಗಿಟ್ಟು, ಅವಳು ಪಟವನ್ನು ಒಂದಿಷ್ಟು ಮೇಲಕ್ಕೆತ್ತಿದಳು, ಹಟ ಮಾಡುವ ಮಗುವಿನ ಗದ್ದ ಹಿಡಿದು ಎತ್ತುವ ಹಾಗೆ. ಪಟ ಮೊಳೆಯ ಮೇಲೆ ಮಿಸುಕಿತು. ಬಲಗೈ ಬೆರಳಿನಿಂದ ಬಹಳ ಕೆಳಗೆ, ಗಾಜಿನ ಅಂಚಿನ ಹತ್ತಿರ, ಒಂದು ಬೊಟ್ಟು ಇಟ್ಟಳು.

"ಕೆನ್ನೆಗೆ ಇಟ್ಟರೆ ತೋಳಿಗೆ ಉಜ್ಜಿಕೊಳ್ತಿದ್ದಳು," ಎಂದಳು, ಗೋಡೆಗೆ ಹೇಳುವ ಹಾಗೆ. "ಗದ್ದದ ಅಡಿಗೆ ಇಟ್ಟರೆ ಅವಳಿಗೆ ಗೊತ್ತಾಗ್ತಿರಲಿಲ್ಲ."

ಆ ಬೆರಳಿಗೂ ಬೊಟ್ಟಿಗೂ ನಡುವೆ ಭೋಜನಿಗೆ ಗದ್ದ ಕಂಡಿತು. ಸ್ವಲ್ಪ ಚೂಪಾದ, ನಡುವೆ ಗುಳಿ ಬಿದ್ದ, ಎಂಜಲಿನಿಂದ ಒದ್ದೆಯಾದ ಪುಟ್ಟ ಗದ್ದ. ಅವನು ಅಲ್ಲೇ ನಿಂತು ಕಾದ. ಗದ್ದದಿಂದ ಮೇಲಕ್ಕೆ ಬಾಯಿ ಬಂದೀತು, ಮೂಗು ಬಂದೀತು ಎಂದು. ಬರಲಿಲ್ಲ. ಅಂಗಡಿಗೆ ಹೋಗಿ ಗದ್ದವೊಂದನ್ನೇ ರಟ್ಟಿನ ಮೇಲೆ ಬರೆದ. ಅದು ಬೇರೆ ಯಾರ ಕಣ್ಣಿಗಾದರೂ ಗೋಡಂಬಿಯ ಹಾಗೆ ಕಾಣುತ್ತಿತ್ತು. ಸಂಜೆವರೆಗೂ ಕಾದು, ಮೇಲೆ ಏನೂ ಬೆಳೆಯದ್ದು ಕಂಡು ಹರಿದು ಹಾಕಿದ.

ಕುಶಲಾ ಪುನಃ ಆ ವಿಷಯ ಮಾತಾಡಲಿಲ್ಲ. ಆದರೆ ಸ್ನಾನ ಮುಗಿಸಿ ಬಂದ ಮೇಲೆ ಬೊಟ್ಟು ಇಡುವುದು ಒಂದು ದಿನವೂ ತಪ್ಪಲಿಲ್ಲ. ಮುಖ ಪೂರ್ತಿಯಾಗಿ ಗೊತ್ತಿದ್ದವಳು ಅವಳೊಬ್ಬಳೇ. ಅದನ್ನು ಅವಳು ಹಂಚಿಕೊಳ್ಳಲಿಲ್ಲ. ಭೋಜನೂ ಕೇಳಲಿಲ್ಲ. ಸೊಸೆ ಸುಭಾಷಿಣಿ ಆಮೇಲೆ ಯಾರದೋ ಕೈಯಲ್ಲಿ ಸುತ್ತಿಗೆ ಕಳುಹಿಸಿದಾಗ, ಅತ್ತೆ ತೀರಿಕೊಂಡ ಸುದ್ದಿಯೂ ಅದರ ಜೊತೆಗೇ ಬಂತು.

ಅಂಗಡಿಯ ಚಿತ್ರಗಳಲ್ಲಿ ಮಾತ್ರ ಒಂದು ಬದಲಾವಣೆಯಾಯಿತು. ಹುಡುಗಿ ಬೆಳೆಯತೊಡಗಿದಳು. ಮೊದಲು ರಿಬ್ಬನ್ನು ಹೋಗಿ ಎರಡು ಜಡೆ ಬಂದವು. ಹೆಗಲಿಗೆ ಶಾಲೆಯ ಚೀಲ ಬಂತು. ಎಂಬತ್ತೈದರ ಹೊತ್ತಿಗೆ ಅವಳು ಉದ್ದನೆಯ ಒಂಟಿ ಜಡೆಯಲ್ಲಿ ಅಬ್ಬಲಿಗೆ ಮುಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಬೆನ್ನು ಮಾತ್ರ ಅದೇ.

"ಆ ಸಣ್ಣ ಹುಡುಗಿ ಇರುವಂಥದ್ದು ಕೊಡಿ," ಎಂದು ಕೇಳುವವರು ಇದ್ದರು.

"ಅವಳು ಈಗ ಸಣ್ಣವಳಲ್ಲ," ಎನ್ನುತ್ತಿದ್ದ ಭೋಜ. ವ್ಯಾಪಾರ ಬಿತ್ತು. ಬಣ್ಣದ ಅಚ್ಚಿನ ಕಾರ್ಡುಗಳು ಬಂದಿದ್ದವು, ಅವುಗಳಲ್ಲಿ ನಗುವ ಮಕ್ಕಳು ಎದುರು ನೋಡುತ್ತಲೇ ಸಿಗುತ್ತಿದ್ದರು.

ಎಂಬತ್ತೇಳರ ಮಳೆಗಾಲ ಮುಗಿಯುತ್ತಿದ್ದಂತೆ, ಅಂಗಡಿಯಲ್ಲಿ ಗಾಜು ಕೊಯ್ಯುತ್ತಿದ್ದ ಭೋಜ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಒಂದು ಹಾರಿಗೆ ಆಚೆ ಇದ್ದ ಲಿಯೋನೆಲ್ ಓಡಿ ಬಂದಾಗ ಅವನು ಗೋಡೆಯ ಕಡೆ ತಿರುಗಿದ್ದ.

ಉತ್ತರಕ್ರಿಯೆಯ ಮೊದಲು ಲಿಯೋನೆಲ್ ಕಾಪುವಿಗೆ ಹೋದ. ಭೋಜನ ಚೀಲ ಅವನ ಹೆಗಲಿನಲ್ಲಿತ್ತು. ಪಟಕ್ಕೆ ಮೊಳೆ ಹೊಡೆಯಲು ಆ ಮನೆಯಲ್ಲಿ ಗಂಡುಮಕ್ಕಳೂ ಇರಲಿಲ್ಲ, ಫ್ರೇಮಿನವನೂ ಇರಲಿಲ್ಲ. ಸಾಲದ್ದಕ್ಕೆ ಪಟಕ್ಕೆ ಹಾಕಲು ಫೋಟೋ ಇರಲಿಲ್ಲ.

"ಕುಶಲಕ್ಕ, ಮದುವೆಯ ಫೋಟೋದಲ್ಲಿ ತಲೆಯ ಹಿಂದಿನ ಬದಿ ಉಂಟು," ಎಂದ. ಮುಂದೆ ಹೇಳಬೇಕೆಂದುಕೊಂಡಿದ್ದು ಮುಖ ಜೋಡಿಸುವ ವಿದ್ಯೆಯ ಮಾತು.

"ಅದನ್ನೇ ಹಾಕಿ. ಆಚೆಗೆ ತಿರುಗಿಸಿ ಹಾಕಿ," ಎಂದಳು ಕುಶಲಾ.

ಹಾಗೆಯೇ ಆಯಿತು. ಲಿಯೋನೆಲನ ಮೊಳೆ ಮೊದಲೆರಡು ಸಲ ಡೊಂಕಾಯಿತು, ಗೋಡೆ ಅವಲಕ್ಕಿಯ ಹಾಗೆ ಉದುರಿತು. ಕಡೆಗೆ ಸುಗಂಧಿಯ ಪಟದ ಪಕ್ಕ ಭೋಜನ ಬೋಳು ಪಟ ನಿಂತಿತು. ಕುಶಲಾ ಗಂಡನ ಪಟಕ್ಕೆ ಗಂಧದ ಹಾರ ಹಾಕಿದಳು. ಲಿಯೋನೆಲ್ ತಾನು ತಂದಿದ್ದ ಇನ್ನೊಂದು ಹಾರವನ್ನು ಚೀಲದಿಂದ ತೆಗೆದು, ಮಗಳ ಪಟದ ಕಡೆ ಕೈ ಚಾಚಿದ.

"ಅದಕ್ಕೆ ಬೇಡ," ಎಂದಳು ಅವಳು.

ಒಳಗೆ ಹೋಗಿ ಬೆರಳಲ್ಲಿ ಕಾಡಿಗೆ ತಂದಳು. ಪಟವನ್ನು ಅಡಿಯಿಂದ ಒಂದಿಷ್ಟು ಎತ್ತಿದಳು.

"ಕುಶಲಕ್ಕ, ಇದ್ದಿದ್ದರೆ ಈಗ ಅವಳಿಗೆ ಹುಡುಗನನ್ನು ನೋಡುವ ಪ್ರಾಯ," ಎಂದ ಲಿಯೋನೆಲ್. "ಇನ್ನೂ ದೃಷ್ಟಿಬೊಟ್ಟು ಎಂತಕ್ಕೆ?"

"ಈಗಲೇ ಅಲ್ವಾ ಹೆಚ್ಚು ಬೇಕಾದದ್ದು," ಎಂದಳು ಕುಶಲಾ, ಬೊಟ್ಟು ಇಟ್ಟು, ಸರಿಯಾಯಿತೋ ಎಂದು ಸ್ವಲ್ಪ ಹಿಂದೆ ಸರಿದು ನೋಡುತ್ತ.

ಲಿಯೋನೆಲ್ ಹಾರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. ಬಗ್ಗಿ, ನೆಲಕ್ಕೆ ಬಿದ್ದಿದ್ದ ಮುರಕಲ್ಲಿನ ಕೆಂಪು ಹುಡಿಯನ್ನು ಭೋಜ ಮಾಡುತ್ತಿದ್ದಂತೆಯೇ ಕಾಗದಕ್ಕೆ ಬಾಚಿಕೊಂಡು ಪೊಟ್ಟಣ ಕಟ್ಟಿದ. ಕಟ್ಟಿದ ಮೇಲೆ, ಇದು ಇನ್ನು ಯಾರಿಗೆ ಎಂದು ತಿಳಿಯದೆ ಅದನ್ನು ಕೈಯಲ್ಲೇ ಹಿಡಿದುಕೊಂಡು ನಿಂತ.